ಇಳಿಸಿದ ತಂತಿಗಳು

ಶ್ರುತಿ ನೋಡುವ ಉಕ್ಕಿನ ಕವೆಯನ್ನು ಮೊಣಕಾಲಿಗೆ ಬಡಿದು, ಅದರ ಬುಡವನ್ನು ಗಿಟಾರಿನ ಮರಕ್ಕೆ ಒತ್ತಿದರೆ ಇಡೀ ಪೆಟ್ಟಿಗೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಆ ಸ್ವರಕ್ಕೆ ತಂತಿಗಳನ್ನು ಬಿಗಿಯುವುದು ನನ್ನ ಕಸುಬಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ನನ್ನೊಡನೆ ದಿನವಿಡೀ ಮಾತಾಡುತ್ತಿದ್ದುದು ಆ ಕವೆಯೊಂದೇ. ಅದು ತಪ್ಪು ಹೇಳುವುದಿಲ್ಲವೆಂದು ನಂಬಿದ್ದೆ.

ಸೆವೆರಿನ್ ಬಾಯಿ ತಮ್ಮ ಗಂಡ ಲಾದ್ರು ಪೊರ್ಬುಗಳ ಗಿಟಾರನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಾಗ ಪೊರ್ಬುಗಳು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಒಂದು ತಂತಿ ಕಡಿದಿತ್ತು.

"ಬರುವ ಆದಿತ್ಯವಾರ ಇಗರ್ಜಿಯಲ್ಲಿ ಅವರ ವರ್ಷದ ಪೂಜೆ, ಆಚಾರ್ರೇ. ಅವರು ಕಟ್ಟಿದ ಹಾಡು ಒಂದುಂಟು. ಮೂವತ್ತು ವರ್ಷ ನನ್ನ ಎಡಕ್ಕೆ ಕೂತು ಅವರು ಬಾರಿಸಿದ್ದು, ನಾನು ಹಾಡಿದ್ದು. ಈಗ ಎರಡೂ ನಾನೇ ಮಾಡ್ಬೇಕು."

"ಬಾರಿಸ್ಲಿಕ್ಕೆ ಬರ್ತದಾ ಬಾಯಮ್ಮ?"

"ಮೂರು ಹಿಡಿತ ಕಲಿಸಿದ್ದಾರೆ. ನಾಲ್ಕನೆಯದಕ್ಕೆ ನನ್ನ ಬೆರಳು ಗಿಡ್ಡ ಅಂತ ತಮಾಷೆ ಮಾಡ್ತಿದ್ರು."

ಉಳಿದ ಐದು ತಂತಿಗಳನ್ನು ಮೀಟಿ ನೋಡಿದೆ. ಕವೆಯ ಸ್ವರಕ್ಕಿಂತ ತುಂಬ ಕೆಳಗಿದ್ದವು. ವರ್ಷವಿಡೀ ಮೂಲೆಯಲ್ಲಿದ್ದು ಸಡಿಲಾಗಿವೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿ, ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದೆ. ಮಾಮೂಲಿನ ಹೊಸ ತಂತಿ ಹಾಕಿದೆ. ಹೊಸತು ಹಿಗ್ಗುತ್ತದೆಂದು ಒಂದೊಂದನ್ನೂ ಎಳೆದೆಳೆದು ಪಳಗಿಸಿ, ಮತ್ತೆ ಮತ್ತೆ ಕವೆ ಬಡಿದು ಬಿಗಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಶುಕ್ರವಾರ ಅವರು ಮರಳಿ ಬಂದರು. ಗಿಟಾರನ್ನು ಮೇಜಿನ ಮೇಲಿಟ್ಟು, "ಇದನ್ನು ನೀವೇ ಇಟ್ಟುಕೊಳ್ಳಿ" ಎಂದರು.

"ಯಾಕೆ, ಶ್ರುತಿ ನಿಲ್ಲಲಿಲ್ವಾ?"

"ಅದಕ್ಕೆ ಎಂತದೂ ಆಗ್ಲಿಲ್ಲ. ನನ್ನ ಗಂಟಲೇ ಹೋಗಿದೆ. ಅವರಿರುವಾಗ ದಿನಾ ಹಾಡಿದ ಹಾಡು, ಈಗ ಎರಡನೇ ಸಾಲಿಗೇ ಸ್ವರ ಒಡೀತದೆ. ಹೋಗುವಾಗ ಅದನ್ನೂ ತಕ್ಕೊಂಡು ಹೋದ್ರು ಕಾಣ್ತದೆ. ನಾನು ಹಾಡುವುದಿಲ್ಲ ಅಂತ ಪಾದ್ರಿಗಳಿಗೆ ಹೇಳಿಬಿಡ್ತೇನೆ."

ಗೋಡೆಯತ್ತ ತಿರುಗಿದೆ. ಮೊಳೆಯಲ್ಲಿದ್ದ ಆ ಹಳೆಯ ಸುರುಳಿಯನ್ನು ಕೈಗೆತ್ತಿಕೊಂಡೆ. ಬಿಚ್ಚುವ ಅವಸರದಲ್ಲಿ ಗಮನಿಸಿರಲಿಲ್ಲ, ಈಗ ಬೆರಳಿಗೆ ತಗುಲಿದಾಗಲೇ ತಿಳಿದದ್ದು, ಎಷ್ಟು ದಪ್ಪ ತಂತಿ! ನಾನೇ ಕೊಟ್ಟದ್ದು. ಎರಡು ಮೂರು ವರ್ಷಕ್ಕೊಮ್ಮೆ ಪೊರ್ಬುಗಳು ಬಂದು, "ಹಿಂದಿನದಕ್ಕಿಂತ ಸ್ವಲ್ಪ ದಪ್ಪದ್ದು ಕೊಡಿ" ಎನ್ನುತ್ತಿದ್ದರು. "ಬೆರಳು ಕಲ್ಲಾಯ್ತಾ?" ಎಂದು ಕೆಣಕಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಸಪೂರ ತಂತಿಯನ್ನು ಇಳಿಸಿದರೆ ಜೋಲುಬಿದ್ದು ಗಿರ್ರೆನ್ನುತ್ತದೆ. ದಪ್ಪ ತಂತಿ ತಗ್ಗಿನಲ್ಲೂ ಬಿಗಿಯಾಗಿ ನಿಲ್ಲುತ್ತದೆ. ಅದೂ ಅಲ್ಲದೆ, ಯಾರೂ ಮುಟ್ಟದ ಗಿಟಾರಿನ ತಂತಿಗಳು ಒಂದೊಂದೂ ತನಗೆ ಬೇಕಾದಷ್ಟು ಇಳಿಯುತ್ತವೆ. ಇವು ಐದೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿದಿದ್ದವು. ಕಸುಬಿನವನಾಗಿ ನಾನು ಅದನ್ನು ಗಮನಿಸಬೇಕಿತ್ತು. ಹೆಂಡತಿಯ ಸ್ವರ ವಯಸ್ಸಿನೊಡನೆ ತಗ್ಗಿದಂತೆಲ್ಲ ಆ ಮನುಷ್ಯ, ಆಕೆಗೆ ಗೊತ್ತಾಗದ ಹಾಗೆ, ಗಿಟಾರನ್ನೂ ತಗ್ಗಿಸುತ್ತ ಬಂದಿದ್ದರು.

ಹೇಳಿಬಿಡಬಹುದಿತ್ತು. ಆದರೆ ಪೊರ್ಬುಗಳು ಇಷ್ಟು ವರ್ಷ ತುಟಿ ಬಿಚ್ಚದ ವಿಷಯವನ್ನು ಹೇಳಲು ನಾನು ಯಾರು?

"ನಿಮ್ಮ ಗಂಟಲು ಸರಿಯಾಗಿಯೇ ಉಂಟು ಬಾಯಮ್ಮ. ನನ್ನ ಕವೆ ಹಾಳಾಗಿದೆ. ಜಾಸ್ತಿ ಏರಿಸಿಬಿಟ್ಟೆ."

"ಉಕ್ಕು ಹಾಳಾಗ್ತದಾ?"

"ತುಕ್ಕು ಹಿಡೀತದಲ್ಲ."

ಫಳಫಳ ಹೊಳೆಯುತ್ತಿದ್ದ ಕವೆಯನ್ನು ಅವರು ನೋಡುವ ಮೊದಲೇ ಡ್ರಾಯರಿಗೆ ನೂಕಿದೆ.

"ಹಾಗಾದ್ರೆ ಅದನ್ನು ಬಿಸಾಡಿ ಮಾರಾಯ್ರೆ. ಊರಿನವರ ಗಂಟಲು ಕೀಳ್ಬೇಡಿ!"

ಹಳೆಯ ಐದು ತಂತಿಗಳನ್ನೇ ಮತ್ತೆ ಹಾಕಿ, ಆರನೆಯದಕ್ಕೆ ಒಂದು ದಪ್ಪ ತಂತಿ ಹುಡುಕಿದೆ. "ನಿಮಗೆ ಬಂದ ಹಾಗೆ ಹಾಡಿ, ನಾನು ಹಿಂದಿನಿಂದ ಬರ್ತೇನೆ" ಎಂದೆ. ಅವರು ಮೊದಲ ಸಾಲನ್ನು ಹೆದರುತ್ತ ಎತ್ತಿಕೊಂಡರು. ಕಿವಿಯನ್ನು ಮರಕ್ಕೆ ಹಚ್ಚಿ, ಅವರ ಸ್ವರ ನಿಂತಲ್ಲಿಗೆ ತಂತಿಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದೆ. ಅವರು ಹಾಡುತ್ತಲೇ ತಲೆಯಾಡಿಸಿದರು. ಮನುಷ್ಯರ ಸ್ವರ ಹಿಡಿದು ನಾನು ಶ್ರುತಿ ಕೂಡಿಸಿದ್ದು ಅದೇ ಮೊದಲು.

ಆದಿತ್ಯವಾರ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ. ಸೆವೆರಿನ್ ಬಾಯಿ ಕಂಬದ ಪಕ್ಕದ ಸ್ಟೂಲಿನ ಮೇಲೆ ಗಿಟಾರನ್ನು ತಬ್ಬಿ ಕುಳಿತು ಹಾಡಿದರು. ಎರಡನೇ ಸಾಲು ದಾಟಿತು, ಕೊನೆಯ ಸಾಲೂ ದಾಟಿತು, ಸ್ವರ ಒಡೆಯಲಿಲ್ಲ. ಹಾಡು ಮುಗಿದೊಡನೆ ಅವರು ಜನರ ಕಡೆಗೆ ನೋಡದೆ ತಮ್ಮ ಎಡಕ್ಕೆ ತಿರುಗಿ, ಹೇಗಿತ್ತು ಎಂದು ಕೇಳುವವರ ಹಾಗೆ ತುಸು ಹುಬ್ಬೇರಿಸಿದರು. ಅಲ್ಲಿ ಸುಣ್ಣ ಬಳಿದ ಕಂಬವಷ್ಟೇ ಇತ್ತು.