ಹತ್ತು ಗುಳಿಗೆ

ಹೋರಿ ತಲೆ ಒದರಿತು. ಅದರ ಕಿವಿಯನ್ನು ಎಡಗೈಯಲ್ಲಿ ಬಿಗಿಹಿಡಿದು ಬಲಗೈಯಲ್ಲಿ ಗುಳಿಗೆ ಇಳಿಸುವ ಗನ್ನು ಒತ್ತುತ್ತಿದ್ದ ಮಾರ್ಲಿಸ್‌ಗೆ ಕೈ ಎಳೆದುಕೊಳ್ಳಲು ವೇಳೆ ಸಿಗಲಿಲ್ಲ. ಸೂಜಿ ಕಿವಿಯ ತೊಗಲು ದಾಟಿ, ಕೈಗವಸು ದಾಟಿ, ಅವಳ ಹೆಬ್ಬೆರಳ ಬುಡದ ಮೆತ್ತನೆಯ ಮಾಂಸಕ್ಕೆ ಹೊಕ್ಕಿತು.

"ಏನಾಯ್ತು?" ಎಂದ ಆಲ್ವಿನ್, ಅವಳ ಮಾವ. ಹೋರಿಗಳ ಕತ್ತನ್ನು ಕಬ್ಬಿಣದ ಚೌಕಟ್ಟಿನಲ್ಲಿ ಹಿಡಿಯುವ, ಬಿಡುವ ಹಿಡಿಕೆ ಅವನ ಕೈಯಲ್ಲಿತ್ತು.

"ಏನಿಲ್ಲ. ಬಿಡಿ ಅದನ್ನ."

ಹೋರಿ ಜಿಗಿದು ಹೊರಗೋಡಿತು. ಮುಂದಿನದು ಬಂತು, ಅದರ ಹಿಂದೊಂದು. ನಾಲ್ಕು ಹೋರಿಗಳ ಕಿವಿಗೆ ಅವಳು ಗುಳಿಗೆ ಇಳಿಸಿದಳು. ನಡುವೆ ಒಮ್ಮೆ ಗವಸಿನ ಮೇಲಿಂದಲೇ ಒತ್ತಿ ನೋಡಿದಳು. ತೊಗಲಿನಡಿ ಗಟ್ಟಿ ಕಾಳುಗಳು ಸಾಲಾಗಿ ಕೂತಿದ್ದವು.

ಒಂದು ಕಿವಿಗೆ ಹತ್ತು ಗುಳಿಗೆ. ನಾಲ್ಕು ತಿಂಗಳು ಮೆಲ್ಲಗೆ ಕರಗುತ್ತ ಹೋರಿಗೆ ಮೈ ತುಂಬಿಸುವ ಹಾರ್ಮೋನು. ಕ್ಯಾನ್ಸಸ್‌ನ ಆ ಬಯಲಲ್ಲಿ ಅದೇನು ಹೊಸತಲ್ಲ. ಆಲ್ವಿನ್ ನಲವತ್ತು ವರ್ಷ ಹಿಡಿದ ಗನ್ನು ಅದು. ಅವನ ಕೈ ನಡುಗತೊಡಗಿದ ಮೇಲೆ ಸೊಸೆಗೆ ಬಂದಿತ್ತು. ಬಸುರಿಯರು ಮುಟ್ಟಬಾರದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದದ್ದನ್ನು ಅವಳು ಬೆಳಿಗ್ಗೆಯಷ್ಟೇ ಮೂರು ಸಲ ಓದಿ, ಎರಡು ಜೊತೆ ಗವಸು ಹಾಕಿಕೊಂಡು ಬಂದಿದ್ದಳು. ಗನ್ನು ಒಲ್ಲೆ ಎಂದರೆ ಯಾಕೆಂದು ಹೇಳಬೇಕಿತ್ತು. ಹತ್ತು ವಾರವಾಗಿತ್ತು. ಹಿಂದಿನ ಎರಡು ಸಲವೂ ಗಂಡ ಗ್ಯಾರೆಟ್ ಇಗರ್ಜಿಯ ಬಾಗಿಲಲ್ಲಿ ನಿಂತು ಊರಿಗೆಲ್ಲ ಸಾರಿದ್ದ. ಆಮೇಲೆ ಒಬ್ಬೊಬ್ಬರಿಗೂ "ಇಲ್ಲ, ಉಳೀಲಿಲ್ಲ" ಎಂದು ಹೇಳಿದವಳು ಅವಳು.

ಐದನೆಯ ಹೋರಿಯ ಕಿವಿಯ ಮೇಲೆ ರಕ್ತ ತೊಟ್ಟಿಕ್ಕಿತು. ಆಲ್ವಿನ್ ಅದನ್ನು ನೋಡಿದ, ಆಮೇಲೆ ಅವಳ ಗವಸನ್ನು.

"ಕೈ ತೋರ್ಸು." ನೋಡಿ ನಕ್ಕ. "ಓ, ಇಷ್ಟೇನಾ! ನಂಗೂ ಒಂದ್ಸಲ ಹೊಕ್ಕಿತ್ತು ಹುಡ್ಗಿ, ಏನೂ ಆಗಲ್ಲ. ಬೇಸಿಗೆ ಹೊತ್ಗೆ ನಿಂಗೂ ಒಳ್ಳೆ ರೇಟು ಬರುತ್ತೆ. ಮೀಸೆ ಬಂದ್ರೆ ನನ್ ರೇಜರ್ ಕೊಡ್ತೀನಿ."

"ಆಲ್ವಿನ್, ನಾನು ಬಸುರಿ."

ಅವನ ನಗು ಮುಖದಲ್ಲೇ ನಿಂತುಹೋಯಿತು. ಚೌಕಟ್ಟಿನಲ್ಲಿದ್ದ ಹೋರಿ ಕಬ್ಬಿಣ ಒದೆಯುತ್ತಿತ್ತು.

"ನಿಮ್ಮ ಚಾಕು ಕೊಡಿ," ಎಂದಳು. "ಈಗ್ಲೇ ತೆಗ್ದುಬಿಡ್ತೀನಿ."

"ಹುಚ್ಚಿನಾ ನಿಂಗೆ? ಅದ್ರಲ್ಲಿ ಬೆಳಿಗ್ಗೆ ಏನೇನ್ ಕುಯ್ದಿದೀನಿ ಗೊತ್ತಾ? ಗಾಡಿ ಹತ್ತು."

ಕಿವಿಗೆ ಗುಳಿಗೆ ಬೀಳದ ಹೋರಿಯನ್ನು ಹಾಗೆಯೇ ಬಿಟ್ಟ. ಹಿಂದೆ ದನ ಅಟ್ಟುತ್ತಿದ್ದ ಓಣಿಯಿಂದ ಗ್ಯಾರೆಟ್ ಕೂಗಿದ, "ಯಾಕಪ್ಪ ನಿಲ್ಸಿದ್ರಿ?"

"ಗ್ಯಾರೆಟ್‌ಗೆ ಹೇಳ್ಬೇಡಿ," ಎಂದಳು ಅವಳು. "ಡಾಕ್ಟ್ರು ನೋಡೋವರ್ಗೂ."

"ಮಗನ ಹತ್ರ ಸುಳ್ಳು ಹೇಳು ಅಂತೀಯಾ?"

"ಸುಳ್ಳು ಬೇಡ. ಸುಮ್ನಿರಿ ಸಾಕು."

ಆಲ್ವಿನ್ ಬೇಲಿಯಾಚೆಗೆ ಕೂಗಿದ, "ಇವ್ಳ ಕೈಗೆ ಸೂಜಿ ಹೊಕ್ತು. ಆಸ್ಪತ್ರೆಗೆ ಕರ್ಕೊಂಡ್ಹೋಗ್ತೀನಿ. ನೀನು ದನ ನೋಡ್ಕೋ." ಗ್ಯಾರೆಟ್ ಬೇಲಿ ಹತ್ತಿ ಬೆರಗಾಗಿ ನಿಂತ. ಕೆಲಸದ ದಿನ ಅಪ್ಪ ದನ ಬಿಟ್ಟು ಹೋದದ್ದನ್ನು ಅವನು ಕಂಡಿರಲಿಲ್ಲ.

ಆಸ್ಪತ್ರೆಗೆ ಐವತ್ತು ಮೈಲಿ. ಆಲ್ವಿನ್ ರೇಡಿಯೋ ಹಾಕಲಿಲ್ಲ. ಅವಳು ಕೈಯನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದಳು. ಗುಳಿಗೆಗಳು ಒತ್ತಿದರೆ ಒಡೆಯುತ್ತವೆ, ಒಡೆದರೆ ಬೇಗ ಕರಗುತ್ತವೆ. ಹೋರಿಗಳ ವಿಷಯದಲ್ಲಿ ಆಲ್ವಿನ್ನೇ ಅವಳಿಗೆ ಕಲಿಸಿದ್ದ ಪಾಠ.

ಡಾಕ್ಟರು ಅವಳಿಗಿಂತ ಚಿಕ್ಕ ಹೆಣ್ಣುಮಗಳು. ಅವರು ತಂದಿದ್ದ ಡಬ್ಬಿಯ ಚೀಟಿಯನ್ನು ಕೊನೆಯವರೆಗೆ ಓದಿ, ಕೈ ಮರಗಟ್ಟಿಸಿ, ಕುಯ್ದಳು. ಒಂದೊಂದೇ ಗುಳಿಗೆ ಬಟ್ಟಲಿಗೆ ಬಿತ್ತು. ಏಳು.

"ಹತ್ತು ಇರ್ಬೇಕು," ಎಂದಳು ಮಾರ್ಲಿಸ್.

ಡಾಕ್ಟರು ಮತ್ತೆ ಹುಡುಕಿದಳು. "ಇದಕ್ಕಿಂತ ಒಳಗೆ ಹೋದ್ರೆ ಹೆಬ್ಬೆರಳ ನರ ಸಿಗುತ್ತೆ. ಮೂರೂ ಇಲ್ಲೇ ಇವೆ ಅಂತ ನಿಮ್ಗೆ ಖಾತ್ರಿನಾ?"

ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ ಆಲ್ವಿನ್ ಒಂದು ಹೆಜ್ಜೆ ಮುಂದೆ ಬಂದ. "ಸೂಜಿ ಕಿವಿ ದಾಟ್ಕೊಂಡ್ ಬಂದಿದ್ದು. ಮೂರು ಆ ಹೋರಿ ಕಿವೀಲೇ ಉಳ್ದಿರ್ಬಹುದು. ಬಿಳಿ ಮೂತಿದು, ಬಲಗಿವಿ ತುದಿ ಚಳಿಗೆ ಉದುರಿದ್ದು. ಗ್ಯಾರೆಟ್ ಹಿಡ್ದು ಮುಟ್ಟಿ ನೋಡ್ಲಿ."

ಅವಳು ಕಣ್ಣು ಮುಚ್ಚಿದಳು. ಆಮೇಲೆ ಫೋನು ಕೇಳಿದಳು.

"ಮೂರು ಗುಳಿಗೆಗೆ ಯಾಕಿಷ್ಟು?" ಎಂದ ಗ್ಯಾರೆಟ್. ಗಾಳಿಯ ಸದ್ದಿನಲ್ಲಿ ಅವನ ಮಾತು ಹರಿದು ಬರುತ್ತಿತ್ತು. "ನಾನೊಬ್ನೇ ಇದೀನಿ ಮಾರ್ಲಿಸ್. ಸಂಜೆ ನೋಡಿದ್ರಾಗಲ್ವಾ?"

"ಆಗಲ್ಲ. ಹತ್ತು ವಾರ ಆಗಿದೆ ಗ್ಯಾರೆಟ್."

ಅತ್ತ ಕಬ್ಬಿಣದ ಗೇಟೊಂದು ತೆರೆದ ಸದ್ದಾಯಿತು.

"ಯಾವ ಹೋರಿ?" ಎಂದ ಅವನು. ದನಿ ಬೇರೆಯಾಗಿತ್ತು.

ಇಪ್ಪತ್ತೈದು ನಿಮಿಷ. ಡಾಕ್ಟರು ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕಾದಳು. ನರ್ಸು ಒಮ್ಮೆ ಬಂದು, ಹೊರಗೆ ಇನ್ನಿಬ್ಬರು ಕಾಯುತ್ತಿದ್ದಾರೆಂದು ಹೇಳಿ ಹೋದಳು. ಫೋನಿನಲ್ಲಿ ಗೊರಸಿನ ಸದ್ದು, ಗ್ಯಾರೆಟ್‌ನ ಬೈಗುಳ, ಕಬ್ಬಿಣ ಕಬ್ಬಿಣಕ್ಕೆ ಬಡಿದದ್ದು. ಒಮ್ಮೆ ಹೋರಿ ತಪ್ಪಿಸಿಕೊಂಡಿತು. ಮತ್ತೆ ಮೊದಲಿಂದ.

"ಹಿಡ್ದೆ," ಎಂದ ಏದುಸಿರಿನಲ್ಲಿ. "ತಡಿ. ಒಂದು. ಎರಡು."

ಡಾಕ್ಟರು ಫೋನಿನತ್ತ ಬಾಗಿದಳು.

"ತಲೆ ಒದರ್ತಿದೆ ಇದು. ತಡಿ. ಸಾಲಿನ ತುದೀಲಿ ಇನ್ನೊಂದಿದೆ. ಮೂರು. ಮೂರು ಮಾರ್ಲಿಸ್, ಎರಡ್ಸಲ ಮುಟ್ಟಿ ನೋಡ್ದೆ."

ಡಾಕ್ಟರು ಹೊಲಿಗೆ ಹಾಕತೊಡಗಿದಳು. ಇಷ್ಟು ಹೊತ್ತಿನಲ್ಲಿ ರಕ್ತಕ್ಕೆ ಸೇರಿದ್ದು ತೀರ ಕಡಿಮೆ ಇರಬೇಕು, ಆದರೆ ಆಣೆಯಿಟ್ಟು ಹೇಳಲಾರೆ, ಎಂದಳು. ಸೋಮವಾರ ಸ್ಕ್ಯಾನ್ ಮಾಡೋಣ ಎಂದಳು. ಗ್ಯಾರೆಟ್ ಫೋನು ಇಡಲಿಲ್ಲ. ಹೋರಿಯೊಂದು ಮೂಗಿನಿಂದ ಬುಸುಗುಟ್ಟುವುದು ಹತ್ತಿರದಿಂದಲೇ ಕೇಳುತ್ತಿತ್ತು.

ಹೊರಗಿನ ಬೆಂಚಿಗೆ ಆಲ್ವಿನ್ ಎರಡು ಕಾಫಿ ತಂದ. ಒಂದನ್ನು ಅವಳತ್ತ ಚಾಚಿ, ಬಸುರಿಗೆ ಕಾಫಿಯೇ ಎಂದು ತಡೆದ. ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಹೋಗಿ ಹಾಲಿನ ಪೊಟ್ಟಣ ತಂದ. ಅದರ ಮೂಲೆ ಬಿಡಿಸಲು ಅವನ ಬೆರಳುಗಳಿಗೆ ಆಗಲಿಲ್ಲ. ಹೊಲಿಗೆ ಹಾಕಿದ ಕೈ ಬಿಟ್ಟರೆ ಅವಳಿಗಿದ್ದದ್ದು ಒಂದೇ ಕೈ. ಅವನು ಎರಡೂ ಕೈಯಲ್ಲಿ ಪೊಟ್ಟಣವನ್ನು ಅಲ್ಲಾಡದಂತೆ ಮೊಣಕಾಲಿಗೆ ಒತ್ತಿ ಹಿಡಿದ. ಅವಳು ಬಾಗಿ ಬಿಡಿಸಿದಳು.