ಗುಬ್ಬಿಗೆ ಬಿಲ್ಲೆ ಇರಲಿಲ್ಲ

ಹಾಳೆ ಅಂಟಿಕೊಂಡಿದೆ, ಹಣ್ಣಿನ ರಸವೋ ಔಷಧಿಯೋ, ಉಗುರು ತೂರಿಸಿ ಬಿಡಿಸಿದರೆ ಒಳಗೆ ಮತ್ತೆ ಬಿಳಿ, ಈ ಪುಸ್ತಕದಲ್ಲಿ ಎಲ್ಲಿ ತೆಗೆದರೂ ಬಿಳಿ, ಚಿತ್ರ ಬರೆದವನಿಗೆ ಬಣ್ಣಕ್ಕೆ ಗತಿಯಿರಲಿಲ್ಲವೇನೋ, ಮೂರು ಮಕ್ಕಳು, ಒಂದು ಕೆಂಪು ಟೋಪಿ, ಹಿಮದ ಉಂಡೆ ಉರುಳಿಸುತ್ತಿದ್ದಾರೆ, ಓದಜ್ಜ, ಯಾಕೆ ನಿಲ್ಲಿಸ್ದೆ, ಅನ್ನುತ್ತಾಳೆ ಮೊಮ್ಮಗಳು ಆಸ್ಪತ್ರೆಯ ಮಂಚದಿಂದ, ಆರು ವರ್ಷದ ಗುಬ್ಬಿ, ಎರಡೂ ಕೈಗೆ ಬ್ಯಾಂಡೇಜು, ಬಲಗೈಯ ಮೂರು ಬೆರಳ ತುದಿ ಹೋಯ್ತು ಅಂತ ಡಾಕ್ಟರು ದೊಡ್ಡವರಿಗೆ ಹೇಳಿದ್ದಾರೆ, ಅವಳಿಗೆ ಇನ್ನೂ ಯಾರೂ ಹೇಳಿಲ್ಲ. ಮುದುಕ ಓದುತ್ತಾನೆ, ತಂಗಿ ಹಿಮದ ಗೊಂಬೆಗೆ ಮೂಗು ಇಟ್ಟಳು — ಮೂವತ್ತೊಂದು ವರ್ಷ ಕೋಲ್ಡ್ ಸ್ಟೋರೇಜಿನ ಬಾಗಿಲು ಕಾದವನ ಗಂಟಲು, ಕಥೆ ಓದಿದರೂ ಗದರಿದ ಹಾಗೆ. ಹಿಮ ಹೇಗಿರತ್ತಜ್ಜ ಅಂತ ವಾರವಿಡೀ ಪ್ರಾಣ ತಿಂದಳಲ್ಲ, ಇದೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಅಯ್ಯೋ ಅದೇನು ಮಹಾ, ನಿಮ್ಮಜ್ಜನ ಹತ್ರ ಕೋಣೆ ತುಂಬ ಇದೆ ಅಂದವನು ಯಾರು, ಇವನೇ, ಜಂಬದ ಕೋಳಿ, ಕರೆದುಕೊಂಡು ಹೋದವನೂ ಇವನೇ, ಅವತ್ತು ಕೊಳವೆಗಳ ಮೇಲೆ ಕಟ್ಟಿದ್ದ ಮಂಜು ಕೆರೆದು ಹಿಂದಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದರು, ಪೆಟ್ಟಿಗೆಗಳ ಮರೆಯಲ್ಲಿ, ಹೋಗು ಆಡು, ಎರಡೇ ನಿಮಿಷ, ಯಾರಿಗೂ ಹೇಳ್ಬೇಡ — ಅಷ್ಟರಲ್ಲಿ ಮೀನಿನ ಲಾರಿ ಬಂತು, ಡ್ರೈವರನ ಜೊತೆ ಕಿರಿಕಿರಿ. ಒಳಗೆ ಹೋಗುವ ಹಮಾಲಿ ತನ್ನ ನಂಬರಿನ ತಗಡು ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಬೇಕು, ಹೊರಗೆ ಬಂದಾಗ ತೆಗೆಯಬೇಕು, ಮೊಳೆಗಳೆಲ್ಲ ಬರಿದಾದರೆ ಒಳಗೆ ಯಾರೂ ಇಲ್ಲ, ಅಗುಳಿ ಜಡಿ, ಮುದುಕನೇ ಮಾಡಿದ ಕಾನೂನು, ಕಣ್ಣು ನಂಬಬೇಡ್ರೋ, ಮೊಳೆ ನಂಬಿ ಅಂತ ಹೊಸಬರನ್ನು ಬೈದು ಬೈದು ಕಲಿಸಿದ್ದ, ಕೊನೆಗೆ ಹೊರಬಂದ ಹಮಾಲಿ ಗಿಡ್ಡ ತನ್ನ ಬಿಲ್ಲೆ ತೆಗೆದ, ಮೊಳೆ ಬರಿದು, ಕೈ ತಾನಾಗಿ ಅಗುಳಿ ಜಡಿಯಿತು, ಗುಬ್ಬಿಗೆ ಬಿಲ್ಲೆ ಎಲ್ಲಿತ್ತು — ಟೀ ಕುಡಿದ, ಡ್ರೈವರನ ಜೋಕಿಗೆ ಹೊಟ್ಟೆ ಹಿಡಿದು ನಕ್ಕ, ನಗುವಾಗಲೇ ಬೆಂಚಿನ ಮೇಲೆ ಪುಸ್ತಕ ಕಣ್ಣಿಗೆ ಬಿತ್ತು. ಬಾಗಿಲ ಒಳಮೈಯ ಮಂಜಿನ ತುಂಬ ಪುಟ್ಟ ಅಂಗೈ ಗುರುತು, ಒಳಗೆ ಸಿಕ್ಕಿಕೊಂಡವರು ಒತ್ತುವ ಗಂಟೆಯ ಗುಂಡಿ ಆಳೆತ್ತರದಲ್ಲಿ, ಗುರುತೆಲ್ಲ ಇವನ ಸೊಂಟದ ಕೆಳಗೆ —

ಓದಜ್ಜ, ಹ್ಞೂಂ ಪುಟ್ಟಾ, ಎಲ್ಲಿದ್ವಿ, ಗೊಂಬೆಗೆ ಮೂಗು ಬಂತು, ಅಪ್ಪಾ ಅನ್ನುತ್ತಾ ಮಗಳು ಬಂದಳು, ಗುಬ್ಬಿಯ ಅಮ್ಮ, ತೊಳೆದ ಫ್ಲಾಸ್ಕು ಕೈಯಲ್ಲಿ, ಮ್ಯಾನೇಜರು ಬಂದಿದಾರೆ, ಹೇಳಿಕೆ ಟೈಪ್ ಮಾಡಿಸೇ ತಂದಿದಾರೆ, ಆ ಗಿಡ್ಡ ಬಾಗಿಲು ತೆರೆದಿಟ್ಟು ಹೋಗಿದ್ದಕ್ಕೆ ಮಗು ನುಗ್ಗಿತು ಅಂತ, ನೀನು ಸಹಿ ಹಾಕು, ಒಳಗೆ ಹಾಕ್ತಾರೆ ಅವನನ್ನ, ಅವನ ಹೆಂಡ್ತಿ ಗೇಟಲ್ಲಿ ಅಳ್ತಾ ನಿಂತಿದಾಳೆ, ನಾಟಕ, ಅವಳ ಮಗೂಗೆ ಹೀಗಾಗಿದ್ರೆ ಗೊತ್ತಾಗ್ತಿತ್ತು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದೇ ಕೊಡುತ್ತಾರೆ, ಯಜಮಾನ್ರೇ, ಇಲ್ಲಿ, ಗುರುತು ಹಾಕಿದೀನಲ್ಲ. ಬಾಯಿ ಬಿಡು ಮುದುಕಾ, ಊರಿಗೆಲ್ಲ ಬೈದವನು, ಈಗ ಎರಡು ಮಾತು, ನಾನೇ ಕಳಿಸಿದ್ದು, ನಾನೇ ಜಡಿದಿದ್ದು — ಮಗಳ ಮುಖ ನೋಡುತ್ತಾನೆ, ನೀನು ಓಡಿಹೋಗಿ ತೆಗೀದಿದ್ರೆ ನನ್ನ ಕೂಸು ಉಳೀತಿರ್ಲಿಲ್ಲಪ್ಪಾ ಅಂತ ಇವನ ಕಾಲು ಹಿಡಿದು ಅತ್ತವಳು. ನಾನೇ ಒಳಗೆ ಹೋಗಿದ್ದು, ಅನ್ನುತ್ತಾಳೆ ಗುಬ್ಬಿ, ಯಾರೂ ಕೇಳದೇ, ಮ್ಯಾನೇಜರ ಕಡೆ ನೋಡಿ, ಅಜ್ಜಂಗೆ ಗೊತ್ತೇ ಇರ್ಲಿಲ್ಲ, ಕಂಠಪಾಠ ಒಪ್ಪಿಸಿದ ಹಾಗೆ, ಒಪ್ಪಿಸಿ ಅಜ್ಜನ ಕಡೆ ತಿರುಗುತ್ತಾಳೆ, ಸರಿಯಾಗಿ ಹೇಳಿದೆನಾ ಅನ್ನುವ ಕಣ್ಣು. ಪೆನ್ನು ಓಡುತ್ತದೆ, ಹೆಸರು ಬರೆಯೋದಕ್ಕೆ ಎಷ್ಟು ಹೊತ್ತು, ಮುಗೀತು, ಥ್ಯಾಂಕ್ಸ್ ಯಜಮಾನ್ರೇ, ಮಗಳು ಕಣ್ಣೊರೆಸಿಕೊಳ್ಳುತ್ತಾಳೆ, ಮುಂದೆ ಓದಜ್ಜ, ಹಾಳೆ ಬಿಳಿ, ಅದರ ಹಿಂದಿನ ಹಾಳೆ ಬಿಳಿ, ಬಾಗಿಲು ಬಿಳಿ, ಸೊಂಟದ ಕೆಳಗೆ ಪುಟ್ಟ ಅಂಗೈ, ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಮೇಲೆ ಇನ್ನೊಂದು, ಹಾರಿ ಹಾರಿ ಹೊಡೆದಿದ್ದಾಳೆ, ಎಲ್ಲಕ್ಕಿಂತ ಮೇಲಿನದು — ಎಷ್ಟು ಸ್ಪಷ್ಟ — ಐದೂ ಬೆರಳು, ಐದೂ ಬೆರಳು.