ಜೋಳದ ಹಿಟ್ಟಿನಿಂದ ಹಚ್ಚಿದ ವಿಪ್

ರೊಟ್ಟಿ ಬಡಿಯುತ್ತಿದ್ದಾಗ ಪ್ರೇಮಕುಮಾರ ಬಂದ. ನನಗೆ ಮೈದುನ, ಪಕ್ಷಕ್ಕೆ ಕಾರ್ಯಕರ್ತ. ಕೈಯಲ್ಲಿ ಒಂದು ಹಾಳೆ ಇತ್ತು.

"ವೈನಿ, ಪಕ್ಷದಿಂದ ವಿಪ್ ಬಂದಾದ. ಸಹಿ ಮಾಡ್ರಿ."

"ಕೈ ತುಂಬ ಹಿಟ್ಟದ. ರೊಟ್ಟಿ ಮುಗೀಲಿ ತಡಿ."

"ತಗೋಲಿಲ್ಲಂದ್ರ ಬಾಗಲಿಗಿ ಹಚ್ಚಿ ಫೋಟೋ ಹೊಡಿ ಅಂದಾರ ಅಧ್ಯಕ್ಷ ಕಾಕಾ. ಆದ್ರ ಗೋಂದು ತರೋದೇ ಮರತೀನಿ."

ಪಾಪ ಅನ್ನಿಸಿತು. ಪರಾತದಿಂದ ಚೂರು ಜೋಳದ ಹಿಟ್ಟು ಕೊಟ್ಟೆ. ಮಗಳು ಪ್ರಣಿತಾ ಹಾಳೆ ಹಿಡಿದುಕೊಂಡು ಜೋರಾಗಿ ಓದಿದಳು: ಕುರಿ ಸಂತೆಯ ಬಯಲಿನಲ್ಲಿ ಅಂಗಡಿ ಕಟ್ಟುವ ಠರಾವಿಗೆ ಪಕ್ಷದ ಸದಸ್ಯರೆಲ್ಲ ಕೈ ಎತ್ತಬೇಕು. ಎತ್ತದವರ ಪುರಸಭೆ ಸದಸ್ಯತ್ವ ಹೋಗಬಹುದು.

"ಅವ್ವಾ, ಮತ್ತ..." ಎಂದು ಶುರುಮಾಡಿದಳು.

"ಮೊದಲ ಉಣ್ಣು. ಸಾಲಿಗಿ ಹೊತ್ತಾಗ್ತದ."

ಹುಮನಾಬಾದಿನ ನಮ್ಮ ಓಣಿಯವರು ಕುರಿ ಸಾಕಿ ಬದುಕುವವರು. ಆ ಬಯಲು ಹೋದರೆ ಮಾರಾಟಕ್ಕೆ ಬಸವಕಲ್ಯಾಣದವರೆಗೆ ಟೆಂಪೋ ಹಿಡಿಯಬೇಕು. ಬಯಲು ಉಳಿಸುತ್ತೇನೆಂದೇ ನಾನು ಓಟು ಕೇಳಿ ಪುರಸಭೆಗೆ ಗೆದ್ದಿದ್ದೆ. ಪಕ್ಷದ ಅಧ್ಯಕ್ಷರಾದ ವೈಜಿನಾಥ ಕಾಕಾ ಕೂಡ ಇದೇ ಓಣಿಯವರು. ಆಗ ನನ್ನ ಜೊತೆ ಮನೆಮನೆಗೆ ಬಂದು ಅದನ್ನೇ ಹೇಳಿದ್ದರು.

ಪ್ರೇಮಕುಮಾರ ಹಾಳೆಯನ್ನು ಬಾಗಿಲಿಗೆ ಹಚ್ಚಿ, ಫೋಟೋ ಹೊಡೆದು, ಬಿಸಿ ರೊಟ್ಟಿ ತಿಂದು ಏಳುವಷ್ಟರಲ್ಲಿ ನಮ್ಮ ಆಡು ಹಿಟ್ಟಿನ ಆಸೆಗೆ ವಿಪ್ಪನ್ನು ಅರ್ಧ ತಿಂದಿತ್ತು.

"ಪಕ್ಷದ ಮಾತು ಇದಕ್ಕಾದ್ರೂ ರುಚಿ ಹತ್ತಿತು ನೋಡು," ಎಂದರು ಅತ್ತೆ ರುಕ್ಮಿಣಿಬಾಯಿ.

ಮಧ್ಯಾಹ್ನ ಸಭೆಯಲ್ಲಿ ಠರಾವು ಓದಿದಾಗ ನಮ್ಮ ಸಾಲಿನ ಕೈಗಳೆಲ್ಲ ಮೇಲೆ ಹೋದವು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಒಂದು ಕೈ ಕಡಿಮೆಯಾಗಿ ಠರಾವು ಬಿದ್ದುಹೋಯಿತು.

ಸಂಜೆ ಕಾಕಾ ಮನೆಗೆ ಬಂದರು. ಬಾಗಿಲಲ್ಲಿ ಉಳಿದಿದ್ದ ಹಾಳೆಯ ಚೂರನ್ನು ನೋಡುತ್ತ ಕುಳಿತರು. ಚಹಾ ಕೊಟ್ಟೆ.

"ನಿನ್ನ ಮೆಂಬರಕಿ ತಗೀರಿ ಅಂತ ಬರದು ಕಳಸಬೇಕು ಸರಿತಾ. ಇಲ್ಲಾ, ನಾನೇ ಮಾಫ್ ಮಾಡಬೇಕು."

"ನಿಮಗ ಹ್ಯಾಂಗ ತಿಳೀತದ ಹಾಂಗ ಮಾಡ್ರಿ ಕಾಕಾ. ಮೆಂಬರಕಿ ಹೋದ್ರೂ ರೊಟ್ಟಿ ಬಡಿಯೋದು ಹೋಗಂಗಿಲ್ಲ."

ಅವರು ನಕ್ಕರು. ಏಳಲಿಲ್ಲ, ಇನ್ನೂ ಅರ್ಧ ಕಪ್ ಚಹಾ ಕೇಳಿದರು. ನನಗೂ ಮನಸ್ಸು ಹಗುರವಾಗಿತ್ತು.

ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಪ್ರಣಿತಾ ಆಗ ಅವರನ್ನೇ ಕೇಳಿದಳು:

"ಮುತ್ಯಾ, ನೀವೂ ಬಯಲು ಉಳಸ್ತೀವಂದಿದ್ರಲ್ಲ, ನಿಮ್ಮ ಬಾಗಲಿಗಿ ಇಂಥಾ ಹಾಳಿ ಯಾರು ಹಚ್ಚಿ ಹೋದ್ರು?"